ಇಲ್ಲದ ರೈಲಿಗೆ ಹೆಸರು ಮತ್ತು ಬಣ್ಣ

"ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ" ಎಂಬ ಗಾದೆಯನ್ನು ನಮ್ಮ ಹಿರಿಯರು ಕೇವಲ ನಗೆಗಾಗಿ ಕಟ್ಟಿದವರಲ್ಲ. ಹೆಸರಿಗೂ ಹೆಸರುಳ್ಳ ವಸ್ತುವಿಗೂ ನಡುವೆ ಒಂದು ಋಣಾನುಬಂಧವಿರಬೇಕು, ಅದು ಕಡಿದುಹೋದಾಗ ಹೆಸರು ಹಾಸ್ಯಾಸ್ಪದವಾಗುತ್ತದೆ ಎಂಬ ತಿಳಿವು ಆ ಗಾದೆಯ ಒಡಲಲ್ಲಿದೆ. ಕಣ್ಣೆದುರಿಗೆ ಇರುವ ವಸ್ತುವಿಗೆ ಹೆಸರಿಡುವಾಗಲೇ ಇಷ್ಟು ಎಚ್ಚರ ಬೇಕಾದರೆ, ಎಲ್ಲಿಯೂ ಇಲ್ಲದ ವಸ್ತುವಿಗೆ ಹೆಸರಿಡುವಾಗ ಎಷ್ಟು ಎಚ್ಚರ ಬೇಕು? ಈ ಪ್ರಶ್ನೆಯನ್ನು ನಾನು ತತ್ತ್ವಚರ್ಚೆಯಿಂದ ಎತ್ತಿಕೊಂಡಿಲ್ಲ. ಒಂದು ಆಟದಿಂದ ಎತ್ತಿಕೊಂಡಿದ್ದೇನೆ. ಆ ಆಟವೆಂದರೆ ಕಿರುಮಾದರಿ ರೈಲನ್ನು ಕಟ್ಟುವ ಹವ್ಯಾಸ. ಅದರೊಳಗಿನ ಒಂದು ಸಣ್ಣ ಸಮಸ್ಯೆ, ಎಂದರೆ ಕಲ್ಪನೆಯ ರೈಲುದಾರಿಗೆ ಯಾವ ಹೆಸರಿಡಬೇಕು, ಅದರ ಇಂಜಿನು ಡಬ್ಬಿಗಳಿಗೆ ಯಾವ ಬಣ್ಣ ಬಳಿಯಬೇಕು ಎಂಬುದು, ನಮ್ಮಂತಹ ಶಾಲೆಗಳ ಗುರುಗಳೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ವಿಚಾರ ಮಾಡತಕ್ಕ ಸಂಗತಿಯೆಂದು ನನ್ನ ನಮ್ರ ಅಭಿಪ್ರಾಯ.

ಇಂಗ್ಲೆಂಡು, ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ಈ ಹವ್ಯಾಸ ಬಹು ಹಳೆಯದು. ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರೇ ಇದರಲ್ಲಿ ತೊಡಗಿದ್ದಾರೆ. ಇದರಲ್ಲಿ ಅಳತೆಯೇ ಮೊದಲ ಶಿಸ್ತು. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಎಂಬ ಮಾನದಲ್ಲಿ ನಿಜವಾದ ರೈಲಿನ ಎಂಬತ್ತೇಳು ಅಡಿಯು ಮಾದರಿಯಲ್ಲಿ ಒಂದು ಅಡಿಯಾಗುತ್ತದೆ. ಬ್ರಿಟನ್ನಿನ ಓಓ ಮಾನದಲ್ಲಿ ಎಪ್ಪತ್ತಾರು ಅಡಿಗೆ ಒಂದು ಅಡಿ. ಎರಡಕ್ಕೂ ಹಳಿಗಳ ನಡುವಿನ ಅಂತರ 16.5 ಮಿ.ಮೀ. ನಮ್ಮ ದೇಶದ ಬ್ರಾಡ್‌ಗೇಜಿನ 1676 ಮಿ.ಮೀ. ಅಂತರವನ್ನು ಎಚ್‌ಓ ಮಾನಕ್ಕೆ ಇಳಿಸಿದರೆ ಸುಮಾರು 19 ಮಿ.ಮೀ. ಆಗುವುದೆಂದು ಏಳನೆಯ ತರಗತಿಯ ಬಾಲಕನೂ ಲೆಕ್ಕ ಹಾಕಿ ಹೇಳಬಲ್ಲ. ಅಳತೆಯ ಪ್ರಶ್ನೆಗೆ ಹೀಗೆ ಒಂದೇ ಉತ್ತರವಿದೆ. ಅಳತೆ ಮುಗಿದ ಮೇಲೆ ಹವ್ಯಾಸಿಯ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಒಂದು, ಇದ್ದ ರೈಲುದಾರಿಯನ್ನೇ ಇದ್ದಂತೆ ಪಡಿಯಚ್ಚು ತೆಗೆಯುವುದು. ಇನ್ನೊಂದು, ಇರಬಹುದಾಗಿದ್ದ ಆದರೆ ಎಂದೂ ಇರದಿದ್ದ ದಾರಿಯನ್ನು ಕಲ್ಪಿಸಿ ಕಟ್ಟುವುದು. ಮೊದಲನೆಯದರಲ್ಲಿ ಹೆಸರು ಬಣ್ಣಗಳ ಚಿಂತೆಯಿಲ್ಲ, ಅವನ್ನು ಇತಿಹಾಸವೇ ಕೊಟ್ಟಿರುತ್ತದೆ. ಎರಡನೆಯದರಲ್ಲಿ ಅವನ್ನು ತಾನೇ ಆರಿಸಬೇಕು, ಆರಿಸಿದುದಕ್ಕೆ ಕಾರಣವನ್ನೂ ಹೇಳಬೇಕು. ವಿಚಾರದ ಕೆಲಸ ಮೊದಲಾಗುವುದು ಅಲ್ಲಿಯೇ.

ಈ ಎರಡನೆಯ ದಾರಿಯಲ್ಲಿ ನಡೆದು ಜಗತ್ಪ್ರಸಿದ್ಧನಾದವನು ಒಬ್ಬ ಧರ್ಮಗುರುವೆಂಬುದು ಮಠದ ಆಶ್ರಯದಲ್ಲಿ ಬೆಳೆದ ನಮಗೆ ಕುತೂಹಲದ ಸಂಗತಿ. ರೆವರೆಂಡ್ ವಿಲ್ಬರ್ಟ್ ಆಡ್ರಿ (1911–1997) ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ. ದಡಾರ ಬಂದು ಮಲಗಿದ್ದ ಮಗನ ಬೇಸರ ಕಳೆಯಲು ಆತ ಹೇಳಿದ ಇಂಜಿನುಗಳ ಕಥೆಗಳು 1945ರಿಂದ ಪುಸ್ತಕಗಳಾಗಿ ಹೊರಬಂದವು; 1972ರವರೆಗೆ ಆತನೇ ಇಪ್ಪತ್ತಾರು ಪುಸ್ತಕಗಳನ್ನು ಬರೆದನು. ಥಾಮಸ್ ಎಂಬ ನೀಲಿ ಇಂಜಿನನ್ನು ಇಂದು ನಮ್ಮ ಹಳ್ಳಿಯ ಮಕ್ಕಳೂ ದೂರದರ್ಶನದ ಪರದೆಯಲ್ಲಿ ಕಂಡು ಬಲ್ಲರು. ಆದರೆ ಆ ಕಥೆಗಳ ಹಿಂದಿರುವ ಶ್ರಮವನ್ನು ಬಲ್ಲವರು ಕಡಿಮೆ. ಓದುತ್ತಿದ್ದ ಮಕ್ಕಳು ಸುಮ್ಮನಿರಲಿಲ್ಲ. ಈ ರೈಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಒಂದು ಚಿತ್ರದಲ್ಲಿದ್ದ ನಿಲ್ದಾಣ ಇನ್ನೊಂದರಲ್ಲಿ ಬೇರೆಯಾಗಿ ಏಕೆ ಕಾಣುತ್ತದೆ ಎಂದು ಕೇಳತೊಡಗಿದರು. ಅವರಿಗೆ ಸುಳ್ಳು ಸಮಾಧಾನ ಹೇಳುವ ಬದಲು ಆಡ್ರಿ ತನ್ನ ರೈಲಿಗೆ ಒಂದು ನೆಲವನ್ನೇ ಹುಡುಕಿಕೊಟ್ಟನು.

ಆ ನೆಲಕ್ಕೆ ಹೆಸರು ದೊರೆತ ಬಗೆ ಮನನೀಯವಾಗಿದೆ. ಬ್ರಿಟನ್ನಿನ ಪಶ್ಚಿಮದ ಸಮುದ್ರದಲ್ಲಿರುವ ಮ್ಯಾನ್ ದ್ವೀಪದ ಬಿಷಪ್ಪನ ಧರ್ಮಕ್ಷೇತ್ರಕ್ಕೆ 'ಸೋಡರ್ ಮತ್ತು ಮ್ಯಾನ್' ಎಂದು ಹೆಸರು. ಮ್ಯಾನ್ ಎಂಬ ದ್ವೀಪವಿದೆ. ಸೋಡರ್ ಎಂಬ ದ್ವೀಪ ಎಲ್ಲಿಯೂ ಇಲ್ಲ. ಹಿಂದೆ ಉತ್ತರದ ನಾರ್ಸ್ ಜನರು ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳನ್ನು ತಮ್ಮ ಭಾಷೆಯಲ್ಲಿ 'ದಕ್ಷಿಣದ ದ್ವೀಪಗಳು' ಎಂದು ಕರೆಯುತ್ತಿದ್ದರು. ಆ ಮಾತು ಸವೆದು ಸೋಡರ್ ಎಂದಾಗಿ, ದ್ವೀಪಗಳು ಕೈಬಿಟ್ಟ ಮೇಲೂ ಬಿಷಪ್ಪನ ಬಿರುದಿನಲ್ಲಿ ಉಳಿದುಕೊಂಡಿತ್ತು. ಒಡೆಯನಿಲ್ಲದ ಈ ಹೆಸರನ್ನು ಆಡ್ರಿ ಎತ್ತಿಕೊಂಡು, ಮ್ಯಾನ್ ದ್ವೀಪಕ್ಕೂ ಇಂಗ್ಲೆಂಡಿನ ಬ್ಯಾರೋ ಪಟ್ಟಣಕ್ಕೂ ನಡುವಿನ ಕಡಲಲ್ಲಿ ಒಂದು ದ್ವೀಪವನ್ನು ಬರೆದನು. ಸಹೋದರ ಜಾರ್ಜನೊಡನೆ ಕುಳಿತು ಅದಕ್ಕೆ ನದಿ, ಬೆಟ್ಟ, ಗಣಿ, ಬಂದರು, ಭಾಷೆ, ಇತಿಹಾಸಗಳನ್ನೆಲ್ಲ ಹೊಂದಿಸಿದನು. ಆ ವಿವರಗಳೇ ಒಂದು ಪ್ರತ್ಯೇಕ ಗ್ರಂಥವಾಗಿ 1987ರಲ್ಲಿ ಪ್ರಕಟವಾದವು. ಅಲ್ಲಿಯ ಫಾರ್ಕರ್ ಎಂಬ ಕಲ್ಪಿತ ಊರಿನ ಶಾಖಾ ರೈಲುದಾರಿಯನ್ನು ಆತ ಮಾದರಿಯಾಗಿ ಕಟ್ಟಿ ಪ್ರದರ್ಶನಗಳಿಗೂ ಒಯ್ಯುತ್ತಿದ್ದನು. ಹೆಸರು ಸುಳ್ಳಿನ ದ್ವೀಪದ್ದು. ಆದರೆ ಅದರ ಬೇರು ನಿಜವಾದ ಭಾಷೆಯಲ್ಲಿ, ನಿಜವಾದ ಇತಿಹಾಸದಲ್ಲಿ ಇಳಿದಿತ್ತು. ಆದುದರಿಂದಲೇ ಅದು ನಂಬಿಕೆಗೆ ಅರ್ಹವಾಯಿತು.

ಅಮೆರಿಕದ ಕಡೆಗೆ ತಿರುಗಿದರೆ ಇದೇ ಮಾತಿಗೆ ಬೇರೆ ಬಗೆಯ ಪುಷ್ಟಿ ದೊರೆಯುತ್ತದೆ. ಓಹಾಯೋ ರಾಜ್ಯದ ಡೇಟನ್ ನಗರದ ಅಲೆನ್ ಮೆಕ್ಲೆಲೆಂಡ್ ಎಂಬ ಹವ್ಯಾಸಿಯು ತನ್ನ ಮನೆಯಲ್ಲಿ ಕಟ್ಟಿದ ಮಾದರಿಗೆ 'ವರ್ಜಿನಿಯನ್ ಅಂಡ್ ಓಹಾಯೋ' ಎಂದು ಹೆಸರಿಟ್ಟನು. ಅಪಲೇಚಿಯನ್ ಬೆಟ್ಟಗಳ ಕಲ್ಲಿದ್ದಲನ್ನು ಹೊರುವ ದಾರಿಯೆಂದು ಅದರ ಕಲ್ಪನೆ. ಆ ಸೀಮೆಯಲ್ಲಿ 'ಬಾಲ್ಟಿಮೋರ್ ಅಂಡ್ ಓಹಾಯೋ', 'ಚೆಸಪೀಕ್ ಅಂಡ್ ಓಹಾಯೋ' ಎಂಬ ನಿಜವಾದ ಕಂಪನಿಗಳು ಇದ್ದುವು. ಅವುಗಳ ಸಾಲಿನಲ್ಲಿ ನಿಲ್ಲಿಸಿದರೆ ಈ ಹೆಸರು ಪರಕೀಯವೆನಿಸುವುದಿಲ್ಲ. ಅದೇ ಮನೆತನದ ಇನ್ನೊಬ್ಬ ತಮ್ಮನಂತೆ ಕಾಣುತ್ತದೆ. ತನ್ನ ಹಳಿಗಳು ಕೋಣೆಯ ಗೋಡೆಗೆ ಬಂದು ಮುಗಿದರೂ ರೈಲು ಮಾತ್ರ ಅದರಾಚೆ ಎಲ್ಲಿಗೋ ಹೋಗುತ್ತಿದೆ, ಎಲ್ಲಿಂದಲೋ ಬರುತ್ತಿದೆ ಎಂಬ ಭಾವನೆ ನೋಡುವವರಿಗೆ ಬರಬೇಕೆಂಬುದು ಆತನ ಸಿದ್ಧಾಂತ. ಆ ಭಾವನೆಯನ್ನು ಮೊದಲು ಹುಟ್ಟಿಸತಕ್ಕದ್ದು ಹೆಸರೇ.

ಇದಕ್ಕೆ ಪ್ರತಿಯಾಗಿ ಕ್ಯಾಲಿಫೋರ್ನಿಯದ ಜಾನ್ ಅಲೆನ್ ಎಂಬವನು ಮಾಡಿದ ಆಯ್ಕೆಯನ್ನು ನೋಡಬೇಕು. ಆತನ ಮಾದರಿಯು ಕಲೆಗಾರಿಕೆಯಲ್ಲಿ ಅಪ್ರತಿಮವೆಂದು ಹವ್ಯಾಸಿಗಳೆಲ್ಲ ಒಪ್ಪಿದ್ದಾರೆ. ಅದಕ್ಕೆ ಆತನಿಟ್ಟ ಹೆಸರು ಮಾತ್ರ ಒಂದು ಶ್ಲೇಷೆ. 'ಗೋರ್ ಅಂಡ್ ಡಫೆಟಿಡ್' ಎಂದು ಬರೆದು, ಅದನ್ನು ಉಚ್ಚರಿಸಿದರೆ 'ರಕ್ತಸಿಕ್ತ ಮತ್ತು ಪರಾಜಿತ' ಎಂಬರ್ಥದ ಇಂಗ್ಲಿಷ್ ಮಾತು ಕೇಳುವಂತೆ ಹೆಣೆದಿದ್ದನು. 1973ರ ಜನವರಿಯಲ್ಲಿ ಆತ ತೀರಿಕೊಂಡ ಕೆಲವೇ ದಿನಗಳಲ್ಲಿ ಆ ಮಾದರಿಯು ಬೆಂಕಿಗೆ ಆಹುತಿಯಾಯಿತು. ಅಷ್ಟು ದೊಡ್ಡ ಕೃತಿಯ ನೆನಪಿಗೆ ಇಂದು ಉಳಿದಿರುವುದು ಛಾಯಾಚಿತ್ರಗಳು ಮತ್ತು ಆ ನಗೆಯ ಹೆಸರು. ಶ್ಲೇಷೆಯ ಸೊಗಸು ಮೊದಲ ಸಲ ಕೇಳಿದಾಗ ಮಾತ್ರ. ಸಾವಿರದ ಸಲ ಕೇಳಿದಾಗ ಅದು ವಸ್ತುವಿನ ಘನತೆಗೆ ಮುಸುಕು ಹಾಕುತ್ತದೆ. ಕೃತಿ ಮಹತ್ತಾದುದೆಂದು ಮೊದಲೇ ತಿಳಿದಿದ್ದರೆ ಹೆಸರನ್ನು ಅಷ್ಟು ಹಗುರವಾಗಿ ಯಾರೂ ಇಡಲಾರರು. ಮಕ್ಕಳ ಕೈಯಲ್ಲಿರುವ ಪ್ರತಿಯೊಂದು ಕೆಲಸವೂ ಮುಂದೆ ಮಹತ್ತಾಗಬಹುದೆಂದು ನಂಬುವುದು ಗುರುವಿನ ಧರ್ಮವಾದುದರಿಂದ ಈ ಎಚ್ಚರವನ್ನು ಶಾಲೆಯಲ್ಲಿಯೇ ಕಲಿಸುವುದು ಮೇಲು.

ಹೆಸರು ನಿಜವನ್ನೇ ನುಡಿಯಬೇಕೆಂದಾಗ ಒಂದು ಆಕ್ಷೇಪ ಬರುತ್ತದೆ. ನಿಜವಾದ ರೈಲು ಕಂಪನಿಗಳೇ ನಿಜವನ್ನು ನುಡಿದಿಲ್ಲವಲ್ಲ! ಅಮೆರಿಕದ 'ಅಚಿಸನ್, ಟೊಪೀಕ ಅಂಡ್ ಸಾಂಟಾ ಫೆ' ಕಂಪನಿಯ ಮುಖ್ಯ ದಾರಿ ಸಾಂಟಾ ಫೆ ನಗರವನ್ನು ಮುಟ್ಟಲೇ ಇಲ್ಲ. ಲೇಮಿ ಎಂಬಲ್ಲಿಂದ ಒಂದು ಶಾಖೆ ಮಾತ್ರ ಆ ಊರಿಗೆ ಹೋಯಿತು. 'ಶಿಕಾಗೊ, ರಾಕ್ ಐಲೆಂಡ್ ಅಂಡ್ ಪೆಸಿಫಿಕ್' ಕಂಪನಿಯ ಹಳಿಗಳು ಪೆಸಿಫಿಕ್ ಸಾಗರದ ನೀರನ್ನು ಎಂದೂ ಕಾಣಲಿಲ್ಲ. ಮಾತು ನಿಜ. ಆದರೆ ಆ ಹೆಸರುಗಳಲ್ಲಿ ವಂಚನೆಗಿಂತ ಹಂಬಲವೇ ಹೆಚ್ಚು. ಎಲ್ಲಿಗೆ ಹೋಗಬೇಕೆಂದು ಹೊರಟವರೋ ಆ ಊರನ್ನು ಹೆಸರಿನಲ್ಲಿ ಹೊತ್ತುಕೊಂಡರು. ಹಂಬಲವೂ ಇತಿಹಾಸದ ಒಂದು ಸತ್ಯವೇ. ಎಲ್ಲಿಯೂ ಹೊರಡದವನು ಕೇವಲ ಕಿವಿಗೆ ಇಂಪಾಗಿದೆಯೆಂದು ಸಾಗರವನ್ನು ಹೆಸರಿಗೆ ಸೇರಿಸಿಕೊಂಡರೆ ಆಗ ಗಾದೆಯ ಕ್ಷೀರಸಾಗರವಾಗುತ್ತದೆ. ಇನ್ನು ಹೆಸರು ಜನರನ್ನು ದಾರಿ ತಪ್ಪಿಸಬಾರದೆಂಬುದಕ್ಕೂ ದೃಷ್ಟಾಂತವಿದೆ. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯು ತನ್ನ ಕೆಲವು ಇಂಜಿನುಗಳಿಗೆ ಊರುಗಳ ಹೆಸರಿಟ್ಟಿತ್ತು. ಇಂಜಿನಿನ ಮೇಲಿನ ಹೆಸರನ್ನೇ ರೈಲು ಹೋಗುವ ಊರೆಂದು ಪ್ರಯಾಣಿಕರು ಭ್ರಮಿಸತೊಡಗಿದುದರಿಂದ ಅಂತಹ ಫಲಕಗಳನ್ನು ತೆಗೆಸಬೇಕಾಯಿತು.

ಇನ್ನು ಬಣ್ಣದ ವಿಚಾರ. ರೈಲಿನ ಬಣ್ಣವಿನ್ಯಾಸಕ್ಕೆ ಇಂಗ್ಲಿಷಿನಲ್ಲಿ 'ಲಿವರಿ' ಎಂದು ಹೆಸರು. ಈ ಪದದ ಮೂಲಾರ್ಥ ಗಮನಾರ್ಹ. ಯೂರೋಪಿನಲ್ಲಿ ಒಡೆಯನು ತನ್ನ ಆಳುಗಳಿಗೆ ಕೊಡುತ್ತಿದ್ದ ಉಡುಪಿಗೆ ಲಿವರಿ ಎನ್ನುತ್ತಿದ್ದರು. ಉಡುಪಿನ ಬಣ್ಣ ನೋಡಿ ಇವನು ಇಂಥವರ ಮನೆಯ ಆಳೆಂದು ಗುರುತಿಸುತ್ತಿದ್ದರು. ಅದೇ ಮಾತು ಮುಂದೆ ರೈಲಿಗೆ ಬಂದಿತು. ಆದುದರಿಂದ ಬಣ್ಣ ಮೊದಲು ಹೇಳುವುದು 'ನಾನು ಯಾರ ಸ್ವತ್ತು' ಎಂಬುದನ್ನು. ಆದರೆ ಅಷ್ಟರಲ್ಲಿಯೇ ಅದು ನಿಲ್ಲುವುದಿಲ್ಲ. 'ನಾನು ಯಾವ ಕೆಲಸದವನು' ಎಂಬುದನ್ನೂ ಹೇಳುತ್ತದೆ. ಸರಕು ಡಬ್ಬಿಗಳಿಗೆ ಲೋಕದ ಬಹು ಭಾಗಗಳಲ್ಲಿ ಕೆಮ್ಮಣ್ಣಿನ ಬಣ್ಣ ಬಂದುದು ಅಂದಕ್ಕಾಗಿ ಅಲ್ಲ. ಕಬ್ಬಿಣದ ತುಕ್ಕಿನಿಂದಾದ ಆ ಬಣ್ಣ ಅಗ್ಗವಾಗಿ ಸಿಕ್ಕುತ್ತದೆ, ಬಿಸಿಲು ಮಳೆಗಳನ್ನು ತಡೆಯುತ್ತದೆ. ಉಗಿ ಇಂಜಿನಿಗೆ ಕಪ್ಪು ಒಪ್ಪುವುದು ಮಸಿಯ ಕಾರಣದಿಂದ. ಅಮೆರಿಕದ ಯೂನಿಯನ್ ಪೆಸಿಫಿಕ್ ಕಂಪನಿಯು 1934ರಲ್ಲಿ ತನ್ನ ಹೊಸ ವೇಗದ ಗಾಡಿಗೆ ಹಳದಿ ಬಳಿದುದರಲ್ಲಿ ಅದು ದೂರದಿಂದಲೇ ಕಾಣಲಿ ಎಂಬ ಉದ್ದೇಶವಿತ್ತು. ಆಡ್ರಿಯ ಕಥೆಗಳಲ್ಲಿಯೂ ಹೆನ್ರಿ ಎಂಬ ಇಂಜಿನಿಗೆ ನೀಲಿ ಬಳಿದಾಗ ಜನರು ಅದನ್ನು ಗಾರ್ಡನ್ ಎಂಬ ಇನ್ನೊಂದು ನೀಲಿ ಇಂಜಿನೆಂದು ತಪ್ಪು ತಿಳಿದುದರಿಂದ ಮತ್ತೆ ಹಸಿರು ಬಳಿಯಬೇಕಾಯಿತು. ನಮ್ಮ ಭಾರತೀಯ ರೈಲ್ವೆಯ ಕೆಂಗಂದು ಡಬ್ಬಿಗಳು 1990ರ ದಶಕದಲ್ಲಿ ನೀಲಿಗೆ ತಿರುಗಿದುದನ್ನು ನಡುವಯಸ್ಸು ದಾಟಿದವರೆಲ್ಲ ಕಂಡಿದ್ದಾರೆ. ಹಳೆಯ ನಿರ್ವಾತ ಬ್ರೇಕಿನ ಬದಲು ಗಾಳಿಯೊತ್ತಡದ ಬ್ರೇಕು ಬಂದ ಡಬ್ಬಿಗಳ ಗುರುತಾಗಿ ಆ ನೀಲಿ ಬಂದಿತೆಂಬುದನ್ನು ಬಲ್ಲವರು ಮಾತ್ರ ವಿರಳ. ಬಣ್ಣವು ಕಣ್ಣಿಗೆ ಹಬ್ಬವಾಗುವ ಮೊದಲು ಕೆಲಸಗಾರನಿಗೆ ಸೂಚನೆಯಾಗಿತ್ತು.

ಬಣ್ಣವು ಕಾಲವನ್ನೂ ಹೇಳುತ್ತದೆ. ಇಂಗ್ಲೆಂಡಿನ ಗ್ರೇಟ್ ಈಸ್ಟರ್ನ್ ರೈಲ್ವೆಯ ಇಂಜಿನುಗಳು ತಮ್ಮ ಗಾಢ ನೀಲಿಗೆ ಹೆಸರಾಗಿದ್ದವು. ಮೊದಲ ಮಹಾಯುದ್ಧ ಬಂದು ಸಾಮಗ್ರಿಯೂ ಕೈಗಳೂ ಸಾಲದಾದಾಗ ಅವಕ್ಕೆ ಬೂದು ಬಣ್ಣವೇ ಗತಿಯಾಯಿತು. ಆ ಸೀಮೆಯ ಮಾದರಿಯನ್ನು ಕಟ್ಟುವವನು ನೀಲಿ ಬಳಿದರೆ ಒಂದು ಕಾಲ, ಬೂದು ಬಳಿದರೆ ಇನ್ನೊಂದು ಕಾಲ. ಒಂದೇ ಕುಂಚದ ಎಳೆತದಲ್ಲಿ ಸುಭಿಕ್ಷವೋ ದುರ್ಭಿಕ್ಷವೋ ನಿರ್ಧಾರವಾಗುತ್ತದೆ. ಇತಿಹಾಸದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕ ಹೇಳೀತು? ಹಾಗೆಂದು ಬಣ್ಣದಲ್ಲಿ ಮನುಷ್ಯನ ಚಾಪಲ್ಯಕ್ಕೆ ಎಡೆಯೇ ಇಲ್ಲವೆಂದಲ್ಲ. 1870ರಲ್ಲಿ ಲಂಡನ್–ಬ್ರೈಟನ್ ಕಂಪನಿಯ ಇಂಜಿನು ವಿಭಾಗದ ಮುಖ್ಯಸ್ಥನಾಗಿ ಬಂದ ವಿಲಿಯಂ ಸ್ಟ್ರೌಡ್ಲಿಯ ಇಂಜಿನುಗಳ ಬಣ್ಣಕ್ಕೆ 'ಸುಧಾರಿತ ಇಂಜಿನ್ ಹಸಿರು' ಎಂದು ಹೆಸರು. ಕಣ್ಣಿಗೆ ಕಾಣುತ್ತಿದ್ದುದು ಮಾತ್ರ ಹೊಂಬಣ್ಣದ ಹಳದಿ! ಹಸಿರೆಂಬ ಹೆಸರಿನ ಹಳದಿಯನ್ನು ಕುರಿತು ರೈಲುಪ್ರಿಯರು ಇಂದಿಗೂ ನಗುತ್ತಾರೆ.

ಹೆಸರು ಬಣ್ಣಗಳ ಆಯ್ಕೆಯಲ್ಲಿ ಒಂದು ಮಧ್ಯಮ ಮಾರ್ಗವೂ ಇದೆ. ಪೀಟರ್ ಡೆನ್ನಿ ಎಂಬ ಮತ್ತೊಬ್ಬ ಆಂಗ್ಲಿಕನ್ ಧರ್ಮಗುರು ಬಕಿಂಗ್‌ಹ್ಯಾಮ್ ಪಟ್ಟಣಕ್ಕೆ ಗ್ರೇಟ್ ಸೆಂಟ್ರಲ್ ರೈಲ್ವೆಯು ಒಂದು ಶಾಖೆಯನ್ನು ಹಾಕಿದ್ದರೆ ಹೇಗಿರುತ್ತಿತ್ತೆಂದು ಊಹಿಸಿ, ದಶಕಗಳ ಕಾಲ ಆ ಮಾದರಿಯನ್ನು ಬೆಳೆಸಿದನು. ಊರು ನಿಜ, ಕಂಪನಿ ನಿಜ, ಬಣ್ಣ ನಿಜ. ನಡುವಿನ ಹಳಿ ಮಾತ್ರ ಕಲ್ಪನೆ. ಅಮೆರಿಕದ ಟೋನಿ ಕೋಸ್ಟರ್ ತನ್ನ 'ಅಲೆಗೆನಿ ಮಿಡ್‌ಲೆಂಡ್' ದಾರಿಯ ಬಣ್ಣಕ್ಕೂ ಅಕ್ಷರಗಳಿಗೂ 'ನಿಕಲ್ ಪ್ಲೇಟ್' ಎಂಬ ನಿಜವಾದ ಕಂಪನಿಯನ್ನು ಮೇಲ್ಪಂಕ್ತಿಯಾಗಿ ಇಟ್ಟುಕೊಂಡನು. ಮಗ ತಂದೆಯ ಚಹರೆಯನ್ನು ಹೊತ್ತಂತೆ ಸಣ್ಣ ಕಂಪನಿ ದೊಡ್ಡ ಕಂಪನಿಯ ಬಣ್ಣವನ್ನು ಹೊರುವುದು ಸಹಜ. ಆರಂಭಿಸುವವರಿಗೆ ಈ ಮಾರ್ಗವೇ ಹಿತಕರವೆಂದು ನನ್ನ ಎಣಿಕೆ; ಏಕೆಂದರೆ ಇಲ್ಲಿ ಸ್ವಾತಂತ್ರ್ಯವೂ ಇದೆ, ಅಂಕೆಯೂ ಇದೆ.

ಅದಂತಿರಲಿ. ಪರದೇಶದವರ ಈ ಆಟ ನಮಗೇಕೆ ಎಂದು ಕೇಳುವವರಿದ್ದಾರೆ. ಇದು ಹಣವಂತರ ಹವ್ಯಾಸ, ಒಂದು ಪುಟ್ಟ ಇಂಜಿನಿನ ಬೆಲೆ ಬಡ ವಿದ್ಯಾರ್ಥಿಯ ವರ್ಷದ ಪುಸ್ತಕಗಳ ಬೆಲೆಯನ್ನು ಮೀರುತ್ತದೆ ಎಂಬುದು ಅವರ ವಾದ. ಕೊಂಡು ತರುವುದಾದರೆ ಆ ವಾದ ಸರಿಯೇ. ಆದರೆ ನಾನು ಹೇಳುತ್ತಿರುವ ಭಾಗಕ್ಕೆ ಹಣದ ಅಗತ್ಯವಿಲ್ಲ. ರಟ್ಟು, ಬೆಂಕಿಪೆಟ್ಟಿಗೆ, ಬಿದಿರಿನ ಸೀಳು, ಅಂಟು, ಒಂದಿಷ್ಟು ಬಣ್ಣ, ಇವಿಷ್ಟರಲ್ಲಿ ಓಡದ ಮಾದರಿಯೊಂದನ್ನು ನಿಲ್ಲಿಸಬಹುದು. ಓಡುವುದು ಯಂತ್ರದ ಕೆಲಸ; ಎಲ್ಲಿಗೆ ಓಡಬೇಕು, ಏನನ್ನು ಹೊರಬೇಕು, ಯಾವ ಹೆಸರಿನಿಂದ ಕರೆಯಿಸಿಕೊಳ್ಳಬೇಕು ಎಂಬುದು ಬುದ್ಧಿಯ ಕೆಲಸ. ಆ ಬುದ್ಧಿಯ ಕೆಲಸ ನಮ್ಮ ಪರಂಪರೆಗೆ ಹೊಸದೂ ಅಲ್ಲ.

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ನೆನೆಯೋಣ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ! ಬಟ್ಟೆ ತೊಳೆಯುವುದು, ದೋಣಿ ನಡೆಸುವುದು, ಹಗ್ಗ ಹೊಸೆಯುವುದು, ಬುಟ್ಟಿ ಹೆಣೆಯುವುದು, ಇವು ಅವರ ಹೆಸರಿಗೆ ಅಂಟಿದ ಕಳಂಕಗಳಾಗದೆ ಹೆಸರಿನ ಕಿರೀಟಗಳಾದುವು. ಕಾಯಕವೇ ಹೆಸರಿನ ಮೊದಲ ಅರ್ಧವಾಯಿತು. ವಚನಗಳ ಅಂಕಿತವನ್ನು ನೋಡಿದರೆ ಬಸವಣ್ಣನವರ ಕೂಡಲಸಂಗಮದೇವ ಎಂಬ ಅಂಕಿತದಲ್ಲಿ ಕೃಷ್ಣೆಯೂ ಮಲಪ್ರಭೆಯೂ ಕೂಡುವ ಒಂದು ನಿಜವಾದ ಸ್ಥಳವೇ ನಿಂತಿದೆ. ತನ್ನ ಹೆಸರನ್ನು ಹಿಂದಿಟ್ಟು, ತಾನು ಬೆಳೆದ ಕ್ಷೇತ್ರದ ಹೆಸರನ್ನು ಮುಂದಿಡುವ ಸಂಸ್ಕಾರ ಅದು. ಕಾಯಕವನ್ನೂ ಸ್ಥಳವನ್ನೂ ಬಿಟ್ಟು ಹೆಸರಿಲ್ಲ ಎಂಬ ಈ ತತ್ತ್ವವೇ, ನಾನು ಮೇಲೆ ಹೇಳಿದ ರೈಲು ಹವ್ಯಾಸಿಗಳಿಗೆ ಬೇರೊಂದು ದಾರಿಯಿಂದ ಹೊಳೆದಿದೆ.

ಈಗ ನಮ್ಮ ನೆಲದ ಒಂದು ಉದಾಹರಣೆಯನ್ನು ತೆಗೆದುಕೊಂಡು ಮಕ್ಕಳೊಡನೆ ಈ ಆಟವನ್ನು ಆಡಬಹುದಾದ ಬಗೆಯನ್ನು ಸೂಚಿಸುತ್ತೇನೆ. ಗದಗದಿಂದ ಬಾಗಲಕೋಟೆ, ವಿಜಯಪುರಗಳ ಮೂಲಕ ಹೋಟಗಿಗೆ ಹೋಗುವ ದಾರಿಯಲ್ಲಿ 'ಗುಳೇದಗುಡ್ಡ ರೋಡ್' ಎಂಬ ನಿಲ್ದಾಣವಿದೆ. ನಿಲ್ದಾಣದ ಹೆಸರಿನ ಕೊನೆಗೆ 'ರೋಡ್' ಎಂದು ಬಂದರೆ, ಊರು ಇಲ್ಲಿಯೇ ಇಲ್ಲ, ಇಳಿದು ರಸ್ತೆ ಹಿಡಿದು ಹೋಗಬೇಕು ಎಂದರ್ಥ. ಇದೊಂದು ಪ್ರಾಮಾಣಿಕವಾದ ಹೆಸರು. ಅಲ್ಲಿಂದ ಗುಳೇದಗುಡ್ಡ, ಕಮತಗಿ, ಅಮೀನಗಡ, ಹುನಗುಂದಗಳ ಮೂಲಕ ಇಳಕಲ್ಲಿಗೆ ಹಿಂದಿನ ಕಾಲದಲ್ಲಿ ಒಂದು ಮೀಟರ್‌ಗೇಜ್ ಶಾಖೆ ಇದ್ದಿದ್ದರೆ ಎಂದು ಊಹಿಸೋಣ. ಅಂತಹ ದಾರಿ ಎಂದೂ ಇರಲಿಲ್ಲ. ಇರಬಾರದಾಗಿತ್ತೆಂದು ಹೇಳುವಂತೆಯೂ ಇಲ್ಲ. ಅದಕ್ಕೆ ಹೆಸರೇನು?

ತರಗತಿಯಲ್ಲಿ ಮೊದಲು ಏಳುವ ಕೈಗಳು 'ಪುಷ್ಪಕ', 'ಗರುಡ', 'ವಿದ್ಯುತ್ ವೇಗ' ಎಂದು ಕೂಗುವುವು. ಆಗ ಗುರುಗಳು ಕೇಳಬೇಕಾದ ಪ್ರಶ್ನೆ ಒಂದೇ: ಈ ಗಾಡಿ ಏನನ್ನು ಹೊರುತ್ತದೆ? ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ, ಅಮೀನಗಡದ ಕರದಂಟು ಎಂದು ಮಕ್ಕಳು ಬರೆದುಕೊಳ್ಳುವರು. ಇವುಗಳ ಕೀರ್ತಿ ದೊಡ್ಡದು, ತೂಕ ಚಿಕ್ಕದು. ಇಡೀ ಊರಿನ ಸೀರೆಗಳನ್ನು ಕಟ್ಟಿದರೂ ಒಂದೆರಡು ಡಬ್ಬಿಗಳು ತುಂಬಿಯಾವು. ರೈಲಿಗೆ ಹೊಟ್ಟೆ ತುಂಬಬೇಕಾದರೆ ಇಳಕಲ್ಲಿನ ಕೆಂಪು ಗ್ರಾನೈಟ್ ಬೇಕು, ಜೋಳ ಬೇಕು. ಕೀರ್ತಿ ಸೀರೆಯದು, ತೂಕ ಕಲ್ಲಿನದು ಎಂಬ ಈ ಒಂದು ತಿಳಿವಿನಲ್ಲಿ ಭೂಗೋಳವೂ ಅರ್ಥಶಾಸ್ತ್ರವೂ ಸೇರಿವೆ. ಎರಡನೆಯ ಪ್ರಶ್ನೆ: ಹಾಕಿದವರು ಯಾರು? ಆ ಮುಖ್ಯದಾರಿಯನ್ನು ನಡೆಸುತ್ತಿದ್ದ ಸದರ್ನ್ ಮರಾಠಾ ಕಂಪನಿಯು 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. 1951ರಲ್ಲಿ ಅದು, ಮೈಸೂರು ಸಂಸ್ಥಾನದ ರೈಲ್ವೆ ಮತ್ತು ಸೌತ್ ಇಂಡಿಯನ್ ರೈಲ್ವೆಗಳು ಕೂಡಿ ದಕ್ಷಿಣ ರೈಲ್ವೆ ಹುಟ್ಟಿತು. ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ನೈಋತ್ಯ ರೈಲ್ವೆ ಬಂದುದು 2003ರಲ್ಲಿ. ನಮ್ಮ ಶಾಖೆ ಯಾವ ವರ್ಷದ್ದೆಂದು ಗೊತ್ತುಪಡಿಸದೆ ಡಬ್ಬಿಯ ಮೇಲೆ ಒಂದಕ್ಷರವನ್ನೂ ಬರೆಯಲಾಗದು. ಅಥವಾ ಪಂಢರಪುರದ ಯಾತ್ರಿಕರನ್ನು ಹೊತ್ತ ಬಾರ್ಸಿ ಲೈಟ್ ರೈಲ್ವೆಯಂತೆ ಇದೂ ಒಂದು ಸ್ವತಂತ್ರ ಸಣ್ಣ ಕಂಪನಿಯೆಂದು ಭಾವಿಸಿದರೆ 'ಗುಳೇದಗುಡ್ಡ–ಇಳಕಲ್ಲ ಲೈಟ್ ರೈಲ್ವೆ' ಎಂಬ ಸರಳ ಹೆಸರೇ ಸಾಕು.

ಆಗ ಭಕ್ತಿಯುಳ್ಳ ಒಬ್ಬ ಬಾಲಕನೋ ಬಾಲಕಿಯೋ ಎದ್ದು, ಕೂಡಲಸಂಗಮವು ಹುನಗುಂದ ತಾಲ್ಲೂಕಿನಲ್ಲಿಯೇ ಇರುವಾಗ ನಮ್ಮ ರೈಲಿಗೆ 'ಕೂಡಲಸಂಗಮ ರೈಲ್ವೆ' ಎಂದೇಕೆ ಕರೆಯಬಾರದು ಎಂದು ಕೇಳುವುದು ಖಂಡಿತ. ಮಠದ ಶಾಲೆಯಲ್ಲಿ ಈ ಪ್ರಶ್ನೆಗೆ ಬೇಡವೆನ್ನುವುದು ಯಾವ ಗುರುವಿಗೂ ಸುಲಭವಲ್ಲ. ಆದರೆ ನಮ್ಮ ಹಳಿ ಸಂಗಮವನ್ನು ಮುಟ್ಟುವುದಿಲ್ಲ. ಸಂಗಮಕ್ಕೆ ಹೊರಟ ವೃದ್ಧೆಯೊಬ್ಬಳು ಹೆಸರನ್ನು ನಂಬಿ ಈ ಗಾಡಿ ಹತ್ತಿ ಇಳಕಲ್ಲಿನಲ್ಲಿ ಇಳಿಯುವಂತಾದರೆ ಪಾಪ ಯಾರಿಗೆ? ಒಂದೋ ಸಂಗಮದವರೆಗೆ ಇನ್ನೊಂದು ಶಾಖೆಯನ್ನು ಹಾಕಬೇಕು, ಅದಕ್ಕೆ ತಕ್ಕ ಸೇತುವೆ ಕಟ್ಟೆಗಳನ್ನೂ ಕಟ್ಟಬೇಕು. ಇಲ್ಲವೆ ಹುನಗುಂದ ನಿಲ್ದಾಣದ ಫಲಕದಲ್ಲಿ 'ಕೂಡಲಸಂಗಮಕ್ಕೆ ಹೋಗುವವರು ಇಲ್ಲಿ ಇಳಿಯತಕ್ಕದ್ದು' ಎಂದು ಬರೆಯಬೇಕು. ಈ ಎರಡನೆಯದರಲ್ಲಿ ಭಕ್ತಿಯೂ ಉಳಿಯಿತು, ಸತ್ಯವೂ ಉಳಿಯಿತು. ಪವಿತ್ರವಾ­ದ ಹೆಸರನ್ನು ನಾವು ಎಷ್ಟು ಗೌರವಿಸುತ್ತೇವೆಂಬುದಕ್ಕೆ, ಅದನ್ನು ಎಲ್ಲೆಲ್ಲಿಯೂ ಅಂಟಿಸದೆ ಇರುವುದೇ ಸಾಕ್ಷಿ. ಇಷ್ಟನ್ನು ಹನ್ನೆರಡು ವರ್ಷದ ಮಗು ತಾನಾಗಿ ಕಂಡುಕೊಂಡರೆ, ಆ ಒಂದು ಗಂಟೆಯ ಪಾಠಕ್ಕೆ ಯಾವ ನೀತಿಬೋಧೆಯೂ ಸಮವಲ್ಲ.

ಬಣ್ಣಕ್ಕೂ ಇದೇ ಕ್ರಮ. ಸರಕಿನ ಡಬ್ಬಿಗೆ ಕೆಮ್ಮಣ್ಣಿನ ಬಣ್ಣ, ಇಂಜಿನಿಗೆ ಕಪ್ಪು. ಇವೆರಡರಲ್ಲಿ ಚರ್ಚೆಗೆ ಎಡೆಯಿಲ್ಲ. ಪ್ರಯಾಣಿಕರ ಡಬ್ಬಿಯಲ್ಲಿ ಮಾತ್ರ ಮಕ್ಕಳಿಗೆ ಕೈಬಿಡಬಹುದು. ಇಳಕಲ್ಲ ಸೀರೆಯ ಕೆಂಪು ಸೆರಗನ್ನು ನೆನೆದು ಡಬ್ಬಿಗೆ ದಾಳಿಂಬೆಯ ಕೆಂಪು, ಕಿಟಕಿಯ ಕೆಳಗೆ ದಡಿಯಂತೆ ಒಂದು ಹಳದಿ ಗೆರೆ ಎಂದು ಒಬ್ಬರು ಹೇಳಿದರೆ ಅದಕ್ಕೆ ಕಾರಣವಿದೆ, ಒಪ್ಪಬಹುದು. ಆ ಸೀರೆಯಲ್ಲಿ ಒಡಲನ್ನೂ ಸೆರಗನ್ನೂ ಕೂಡಿಸುವ ನೇಯ್ಗೆಗೆ ಕೊಂಡಿ ಎನ್ನುತ್ತಾರೆ. ಡಬ್ಬಿಗೆ ಡಬ್ಬಿಯನ್ನು ಕೂಡಿಸುವುದೂ ಕೊಂಡಿಯೇ. ನನಗೆ ನೇರಳೆ ಇಷ್ಟ ಎಂದಷ್ಟೇ ಇನ್ನೊಬ್ಬರು ಹೇಳಿದರೆ, ಇಷ್ಟವು ಕಾರಣವಾಗಲಾರದೆಂದು ಮೆಲ್ಲಗೆ ತಿಳಿಸಬೇಕು. ಕಲ್ಪನೆಗೆ ಕಡಿವಾಣ ಹಾಕಿದಂತಾಗದೇ ಎಂದು ಕೆಲವು ಅಧ್ಯಾಪಕ ಮಿತ್ರರು ಶಂಕಿಸಬಹುದು. ಹಳಿಯಿಲ್ಲದ ಇಂಜಿನು ಸ್ವತಂತ್ರವಲ್ಲ, ಅದು ನೆಲಕ್ಕೆ ಹೂತ ಕಬ್ಬಿಣ. ಕಾರಣವೆಂಬ ಹಳಿ ಇದ್ದಾಗಲೇ ಕಲ್ಪನೆ ದೂರ ಹೋಗುತ್ತದೆ.

ಕೊನೆಯದಾಗಿ ಮಾನ್ಯ ದಾನಿಗಳಲ್ಲಿ ಒಂದು ಅರಿಕೆ. ನಮ್ಮ ಶಾಲೆಗಳ ಕೊಠಡಿ, ಬಾವಿ, ಕಪಾಟು, ಗಡಿಯಾರಗಳವರೆಗೆ ಎಲ್ಲದರ ಮೇಲೂ ಯಾರದಾದರೊಂದು ಹೆಸರು ಕೊರೆದಿರುತ್ತದೆ. ಅದು ಕೃತಜ್ಞತೆಯ ಕುರುಹು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಮಕ್ಕಳು ಹೆಜ್ಜೆಯಿಡುವ ಪ್ರತಿಯೊಂದು ಸ್ಥಳಕ್ಕೂ ಅವರು ಬರುವ ಮೊದಲೇ ಹೆಸರಿಟ್ಟಾಗಿದ್ದರೆ, ಹೆಸರಿಡುವುದೆಂಬ ಜವಾಬ್ದಾರಿಯ ಅನುಭವ ಅವರಿಗೆ ಎಂದು ಬರಬೇಕು? ಲಿವರಿ ಎಂಬ ಮಾತಿನ ಮೂಲವನ್ನು ಮತ್ತೆ ನೆನೆಯಬೇಕು. ಒಡೆಯನ ಬಣ್ಣವನ್ನು ಆಳಿನ ಮೈಮೇಲೆ ಹಾಕುವುದು ಒಂದು ಪದ್ಧತಿ; ಕಾಯಕದ ಬಣ್ಣವನ್ನು ಕಾಯಕದ ಮೇಲೆ ಹಾಕುವುದು ಇನ್ನೊಂದು. ಶರಣರು ದಾನವೆಂಬ ಮಾತಿಗಿಂತ ದಾಸೋಹವೆಂಬ ಮಾತನ್ನು ಎತ್ತಿ ಹಿಡಿದುದರ ಮರ್ಮ ಇಲ್ಲಿಯೇ ಇದೆ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸ. ನಮ್ಮ ಮಠಗಳ ಪ್ರಸಾದ ನಿಲಯಗಳಿಗೆ ಹಿಡಿ ಹಿಡಿ ಜೋಳ ನೀಡಿದ ತಾಯಂದಿರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಆ ಜೋಳವನ್ನು ಉಂಡವರೇ ಇಂದು ದಾನಿಗಳಾಗಿ ನಿಂತಿದ್ದಾರೆ.

ಆದುದರಿಂದ ನನ್ನ ಸೂಚನೆ ಇಷ್ಟೇ. ಪ್ರತಿಯೊಂದು ಶಾಲೆಯಲ್ಲಿಯೂ ಹವ್ಯಾಸಕ್ಕೆಂದು ಒಂದು ಮೇಜಿನಷ್ಟು ಜಾಗ ಮೀಸಲಾಗಲಿ. ದಾನಿಗಳು ರಟ್ಟಿಗೂ ಬಣ್ಣಕ್ಕೂ ಬೇಕಾದುದನ್ನು ಒದಗಿಸಿ, ಫಲಕವನ್ನು ಮಾತ್ರ ಖಾಲಿಯಾಗಿ ಕೊಡಲಿ. ಗುರುಗಳು ಹೆಸರನ್ನು ತಾವಾಗಿ ಸೂಚಿಸದೆ, ಎಲ್ಲಿಂದ ಎಲ್ಲಿಗೆ, ಏನನ್ನು ಹೊತ್ತು, ಯಾರಿಗಾಗಿ, ಯಾವ ಕಾಲದಲ್ಲಿ ಎಂಬ ಪ್ರಶ್ನೆಗಳನ್ನು ಮಾತ್ರ ಕೇಳಲಿ. ಹಳೆಯ ವಿದ್ಯಾರ್ಥಿಗಳಲ್ಲಿ ರೈಲ್ವೆಯ ನೌಕರಿಯಲ್ಲಿದ್ದವರು, ನೇಕಾರಿಕೆ ಬಲ್ಲವರು, ಕಲ್ಲಿನ ಕೆಲಸ ಬಲ್ಲವರು ಬಂದು ಮಕ್ಕಳ ಉತ್ತರಗಳನ್ನು ಒರೆಗೆ ಹಚ್ಚಲಿ. ಮಕ್ಕಳು ಒಂದು ವಾರ ವಾದಿಸಿ, ಊರವರನ್ನು ಕೇಳಿ, ನಕಾಶೆ ನೋಡಿ, ಕಡೆಗೆ ಒಂದು ಹೆಸರನ್ನೂ ಒಂದು ಬಣ್ಣವನ್ನೂ ಆರಿಸಿ, ಅವುಗಳ ಕಾರಣವನ್ನು ಒಂದು ಹಾಳೆಯಲ್ಲಿ ಬರೆದು ಮಾದರಿಯ ಪಕ್ಕಕ್ಕೆ ಅಂಟಿಸಲಿ. ಇಂದು ರಟ್ಟಿನ ರೈಲಿಗೆ ಕಾರಣ ಕೊಟ್ಟು ಹೆಸರಿಟ್ಟವರು ನಾಳೆ ಊರಿಗೆ, ಬೀದಿಗೆ, ಸಂಸ್ಥೆಗೆ, ತಮ್ಮ ಮಕ್ಕಳಿಗೆ ಹೆಸರಿಡುವ ಹಿರಿಯರಾಗುತ್ತಾರೆ. ಆಗ ಅವರಿಡುವ ಹೆಸರುಗಳಲ್ಲಿ ಮಜ್ಜಿಗೆಯಿಲ್ಲದ ಕ್ಷೀರಸಾಗರಗಳು ಕಡಿಮೆಯಾಗಲೆಂದು ಹಾರೈಸುತ್ತೇನೆ.